ಕ್ರಿಸ್‌ಮಸ್ ಭೋಜನದಲ್ಲಿ ಅನರ್ಥನಾಮ ವಿಚಾರ

ಲಕ್ಷಣ ಪ್ರಕರಣ

ಕ್ರಿಸ್‌ಮಸ್ ಭೋಜನವೆಂದರೆ ಇಂಗ್ಲೆಂಡಿನ ಮನೆಗಳಲ್ಲಿ ಡಿಸೆಂಬರ್ 25ರಂದು ಮಧ್ಯಾಹ್ನ ಒಂದು ಗಂಟೆಗೆ ಬಡಿಸುತ್ತೇವೆಂದು ಹೇಳಿ ಮೂರು ಗಂಟೆಗೆ ಬಡಿಸುವ ಊಟ. ಆ ದೇಶದವರು ಇದನ್ನು ‘ಡಿನ್ನರ್’ ಎನ್ನುತ್ತಾರೆ. ಡಿನ್ನರ್ ಎಂದರೆ ರಾತ್ರಿಯೂಟ ಎಂದು ಕನ್ನಡ ಶಾಲೆಯಲ್ಲಿ ಕಲಿತವರು ಅದನ್ನು ನಂಬಿ ಕತ್ತಲಾದ ಮೇಲೆ ಹೋದರೆ ಅವರಿಗೆ ಕಾಣಸಿಗುವುದು ತೊಳೆದು ಬೋರಲು ಹಾಕಿದ ತಟ್ಟೆಗಳು. ಹೀಗೆ ವಿಷಯದ ಹೊಸ್ತಿಲಲ್ಲೇ ಹೆಸರೊಂದು, ವಸ್ತುವೊಂದು ಎಂಬ ತೊಡಕು ಕಾಲಿಗೆ ತಾಗುತ್ತದೆ. ಇದು ಆಕಸ್ಮಿಕವಾದ ತೊಡಕಲ್ಲ, ಈ ಭೋಜನದ ಮೂಲ ಲಕ್ಷಣವೇ ಇದು ಎಂಬುದು ಮುಂದೆ ಪ್ರಕರಣ ಪ್ರಕರಣವಾಗಿ ಸಿದ್ಧವಾಗುತ್ತದೆ.

ಕನ್ನಡ ವ್ಯಾಕರಣವು ವಸ್ತುಗಳ ಹೆಸರುಗಳನ್ನು ಮೂರು ಬಗೆ ಮಾಡಿ ಮಕ್ಕಳ ಬಾಯಿಪಾಠಕ್ಕೆ ಒಪ್ಪಿಸಿದೆ. ನದಿ, ಬೆಟ್ಟ, ಮರ ಇವು ರೂಢನಾಮಗಳು. ಕಾವೇರಿ, ಮುಳ್ಳಯ್ಯನಗಿರಿ ಇವು ಅಂಕಿತನಾಮಗಳು. ರೋಗಿ, ವ್ಯಾಪಾರಿ, ಪಂಡಿತ ಎಂದು ಅರ್ಥಕ್ಕೆ ತಕ್ಕಂತೆ ಬಂದವು ಅನ್ವರ್ಥನಾಮಗಳು. (ಪಂಡಿತ ಎಂಬುದು ಅನ್ವರ್ಥನಾಮವೇ ಎಂಬ ಪ್ರಶ್ನೆ ಇದೆ. ಆದರೆ ಉದಾಹರಣೆ ಕೊಟ್ಟವರೂ ಪಂಡಿತರೇ ಆದ್ದರಿಂದ ಅದನ್ನು ಕೆದಕುವುದು ಬೇಡ.) ಇಂಗ್ಲೆಂಡಿನ ಕ್ರಿಸ್‌ಮಸ್ ಮೇಜಿನ ಮೇಲಿರುವ ತಿನಿಸುಗಳ ಹೆಸರುಗಳನ್ನು ಈ ಮೂರು ಬುಟ್ಟಿಗಳಲ್ಲಿ ತುಂಬಲು ಹೋದರೆ ಬುಟ್ಟಿ ಖಾಲಿಯಾಗಿಯೇ ಉಳಿಯುತ್ತದೆ. ಆದ್ದರಿಂದ ನಾಲ್ಕನೆಯ ವರ್ಗವೊಂದನ್ನು ಕಲ್ಪಿಸುವುದು ಅನಿವಾರ್ಯ. ಯಾವ ಹೆಸರು ತನ್ನ ವಸ್ತುವಿನಲ್ಲಿ ಇಲ್ಲದ ಊರನ್ನೋ ಹಣ್ಣನ್ನೋ ಮಾಂಸವನ್ನೋ ಇದೆಯೆಂದು ಸಾರುತ್ತದೋ ಅದು ಅನರ್ಥನಾಮ.

ಈ ವರ್ಗ ಕನ್ನಡಕ್ಕೆ ತೀರ ಹೊಸದೇನಲ್ಲ. ವೈಯಾಕರಣರು ಮರೆತದ್ದನ್ನು ಗಾದೆ ಹೇಳಿದವರು ಮರೆತಿರಲಿಲ್ಲ. ‘ಹೆಸರಿಗೆ ಹೊನ್ನಹೆಗ್ಗಡೆ, ಎಸರಿಗೆ ಅಕ್ಕಿಯಿಲ್ಲ’ ಎಂಬುದು ಈ ಶಾಸ್ತ್ರದ ಮೂಲಸೂತ್ರ. ಕಾಕತಾಳೀಯ ನ್ಯಾಯ, ಅರುಂಧತೀ ನ್ಯಾಯಗಳ ಸಾಲಿನಲ್ಲಿ ಇದನ್ನು ಹೊನ್ನಹೆಗ್ಗಡೆ ನ್ಯಾಯವೆಂದು ಕರೆಯಬಹುದು. ಇನ್ನೊಂದು ಸೂಕ್ಷ್ಮವೂ ಉಂಟು. ‘ಪದಾರ್ಥ’ ಎಂದರೆ ಶಾಸ್ತ್ರದಲ್ಲಿ ಪದದ ಅರ್ಥ, ಅಡುಗೆಮನೆಯಲ್ಲಿ ತಿನ್ನುವ ವಸ್ತು. ಎರಡೂ ಒಂದೇ ಎಂದು ನಂಬಿಕೊಂಡು ಬಂದ ಭಾಷೆ ಕನ್ನಡ. ಆ ನಂಬಿಕೆಗೆ ಇಂಗ್ಲೆಂಡಿನಲ್ಲಿ ಏನಾಯಿತೆಂದು ನೋಡುವುದಕ್ಕೆ ಮೊದಲು ಮೇಜಿನ ನಡುವಿನ ಹಕ್ಕಿಯನ್ನು ಎತ್ತಿಕೊಳ್ಳಬೇಕು.

ಪಕ್ಷಿ ಪ್ರಕರಣ

ಮೇಜಿನ ನಡುವೆ ಕಾಲು ಮೇಲೆ ಮಾಡಿ ಮಲಗಿರುವ ಹಕ್ಕಿಯ ಹೆಸರು ಟರ್ಕಿ. ಅದು ಟರ್ಕಿ ದೇಶದ್ದಲ್ಲ, ಮೆಕ್ಸಿಕೋದ್ದು. ಅದನ್ನು ಪಳಗಿಸಿದವರು ಅಲ್ಲಿನ ಮೂಲನಿವಾಸಿಗಳು. ಹದಿನಾರನೆಯ ಶತಮಾನದ ಆರಂಭದಲ್ಲಿ ಸ್ಪೇನಿನವರು ಅದನ್ನು ಹಡಗಿನಲ್ಲಿ ಯುರೋಪಿಗೆ ತಂದರು. ಅದಕ್ಕೆ ಮೊದಲೇ ತುರ್ಕಿ ವರ್ತಕರ ಕೈದಾಟಿ ಆಫ್ರಿಕದ ಗಿನಿಕೋಳಿ ಅಲ್ಲಿಗೆ ಬಂದಿತ್ತು. ಎರಡೂ ದಪ್ಪ, ಎರಡೂ ಬೋಳುತಲೆ. ಇಂಗ್ಲಿಷರು ಎರಡನ್ನೂ ಒಂದೇ ಎಂದುಕೊಂಡು ಹಳೆಯ ಹಕ್ಕಿಯ ಹೆಸರನ್ನು ಹೊಸ ಹಕ್ಕಿಗೆ ಕಟ್ಟಿದರು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ದೇಶಗಳಲ್ಲೂ ಇರುತ್ತಾರೆ.

ಈ ತಪ್ಪು ಇಂಗ್ಲಿಷರದು ಮಾತ್ರವೇ ಆಗಿದ್ದರೆ ಪ್ರತ್ಯೇಕ ಶಾಸ್ತ್ರದ ಅಗತ್ಯವಿರಲಿಲ್ಲ. ಟರ್ಕಿಯವರನ್ನೇ ಕೇಳಿದರೆ ಅವರು ಇದನ್ನು ‘ಹಿಂದಿ’ ಎನ್ನುತ್ತಾರೆ, ಅಂದರೆ ಇಂಡಿಯಾದ್ದು. ಫ್ರೆಂಚರ ‘ದಾಂದ್’ ಎಂಬ ಮಾತಿಗೂ ಇಂಡಿಯಾದಿಂದ ಬಂದದ್ದೆಂದೇ ಅರ್ಥ. ಡಚ್ಚರು ಇಷ್ಟಕ್ಕೆ ತೃಪ್ತರಾಗದೆ ಊರನ್ನೂ ಗೊತ್ತುಮಾಡಿ ‘ಕಲ್ಕೂನ್’ ಎಂದರು, ಅಂದರೆ ಕಲ್ಲಿಕೋಟೆಯ ಕೋಳಿ. ಪೋರ್ಚುಗೀಸರು ‘ಪೆರು’ ಎಂದು ದಕ್ಷಿಣ ಅಮೆರಿಕದ ದೇಶವೊಂದರ ಹೆಸರನ್ನಿಟ್ಟರು. ಖಂಡ ಹತ್ತಿರ ಬಂತು, ದೇಶ ತಪ್ಪಿತು. ಈಜಿಪ್ಟಿನ ಅರಬ್ಬಿಯಲ್ಲಿ ಅದು ರೋಮಿನ ಹುಂಜ, ಗ್ರೀಕರಿಗೆ ಫ್ರೆಂಚ್ ಕೋಳಿ, ಮಲಯಾದವರಿಗೆ ಡಚ್ ಕೋಳಿ. ಒಟ್ಟಿನಲ್ಲಿ ಯಾವ ದೇಶವೂ ಆ ಹಕ್ಕಿಯನ್ನು ತನ್ನದೆಂದು ಒಪ್ಪಿಕೊಳ್ಳದೆ ಪಕ್ಕದ ಮನೆಯ ಕಡೆಗೆ ಬೆರಳು ತೋರಿಸಿದೆ. ಸಂತೆಯಲ್ಲಿ ಅಳುವ ಮಗುವಿನ ತಾಯಿ ಯಾರೆಂದು ಕೇಳಿದಾಗ ನಡೆಯುವುದೂ ಇದೇ.

ತರ್ಕಶಾಸ್ತ್ರದಲ್ಲಿ ಎದುರುವಾದ ಹೂಡುವವನನ್ನು ಪೂರ್ವಪಕ್ಷಿ ಎನ್ನುತ್ತಾರೆ. ಇಲ್ಲಿ ಆ ಶಬ್ದಕ್ಕೆ ಹೊಸ ಅರ್ಥವೇ ಬಂದಿದೆ. ಇಂಗ್ಲಿಷರು, ಫ್ರೆಂಚರು, ಡಚ್ಚರು ಎಲ್ಲರೂ ಇದನ್ನು ಪೂರ್ವದ ಪಕ್ಷಿ ಎಂದುಕೊಂಡರು, ಹಕ್ಕಿ ಬಂದದ್ದು ಪಶ್ಚಿಮದಿಂದ. ನಿಜವಾದ ಪೂರ್ವಪಕ್ಷಿ ಇಲ್ಲಿ ಎದ್ದುನಿಂತು, ಆಡುಮಾತಿನಲ್ಲಿ ತಪ್ಪಿದ್ದರೇನು, ವಿಜ್ಞಾನದ ಹೆಸರಾದರೂ ಸರಿಯಿದ್ದೀತು ಎನ್ನಬಹುದು. ಲಿನೇಯಸ್ 1758ರಲ್ಲಿ ಇದಕ್ಕೆ ಕೊಟ್ಟ ಹೆಸರು ಮೆಲಿಯಾಗ್ರಿಸ್ ಗ್ಯಾಲೊಪಾವೊ. ಮೆಲಿಯಾಗ್ರಿಸ್ ಎಂದರೆ ಗ್ರೀಕಿನಲ್ಲಿ ಗಿನಿಕೋಳಿ. ಗ್ಯಾಲೊಪಾವೊ ಎಂದರೆ ಲ್ಯಾಟಿನ್ನಿನಲ್ಲಿ ಕೋಳಿನವಿಲು. ಅಂದರೆ ಈ ಹಕ್ಕಿ ಶಾಸ್ತ್ರೋಕ್ತವಾಗಿ ಗಿನಿಕೋಳಿ, ಕೋಳಿ, ನವಿಲು ಮೂರೂ ಹೌದು, ಟರ್ಕಿ ಒಂದು ಮಾತ್ರ ಅಲ್ಲ. ಸಂತೆಯ ತಪ್ಪನ್ನು ವಿಜ್ಞಾನ ಎರಡು ಪಾಲು ಮಾಡಿ ಲ್ಯಾಟಿನ್ ಒಗ್ಗರಣೆ ಕೊಟ್ಟಿತು. ಪೂರ್ವಪಕ್ಷಿ ಕುಳಿತುಕೊಳ್ಳುವುದು ಲೇಸು.

ಈ ಚರಿತ್ರೆಯಲ್ಲಿ ಸತ್ಯ ನುಡಿದವನು ಒಬ್ಬ ಸಿಗುತ್ತಾನೆ. 1612ರಲ್ಲಿ ಮುಕರ್ರಬ್ ಖಾನನೆಂಬ ಆಸ್ಥಾನಿಕನು ಗೋವೆಯಿಂದ ಕೆಲವು ವಿಚಿತ್ರ ಪ್ರಾಣಿಗಳನ್ನು ಕೊಂಡು ತಂದು ಮೊಗಲ್ ದೊರೆ ಜಹಾಂಗೀರನಿಗೆ ಒಪ್ಪಿಸಿದ. ಅವುಗಳಲ್ಲಿ ಟರ್ಕಿ ಹುಂಜವೂ ಇತ್ತು. ಅದರ ತಲೆ, ಕೊರಳು ಗೋಸುಂಬೆಯಂತೆ ಬಣ್ಣ ಬದಲಿಸುವುದನ್ನು ದೊರೆ ಗಮನವಿಟ್ಟು ನೋಡಿ ತನ್ನ ಆತ್ಮಕಥೆಯಲ್ಲಿ ಬರೆದ. ಕಲಾವಿದ ಮನ್ಸೂರ್ ಅದರ ಚಿತ್ರ ಬರೆದ. ಆ ಚಿತ್ರ ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಬಂದ ಪ್ರಾಣಿಗಳ ಹೆಸರು ಯಾರಿಗೂ ತಿಳಿದಿರಲಿಲ್ಲವೆಂದು ಕೂಡ ದೊರೆ ಬರೆದಿಟ್ಟಿದ್ದಾನೆ. ಈ ಹಕ್ಕಿಯ ಹೆಸರಿನ ಬಗ್ಗೆ ಮನುಷ್ಯಕುಲ ಆಡಿದ ಮಾತುಗಳಲ್ಲಿ ಇದೊಂದೇ ನಿರ್ದುಷ್ಟವಾದದ್ದು. ಇಂಥ ಸತ್ಯವಂತನ ಹೆಸರನ್ನೇ ಕನ್ನಡನಾಡಿನ ಮಿಠಾಯಿ ಅಂಗಡಿಗಳು ಉದ್ದಿನಹಿಟ್ಟಿನ ಸಕ್ಕರೆಪಾಕದ ಸುರುಳಿಯೊಂದಕ್ಕೆ ಇಟ್ಟು ಅವನನ್ನೂ ಅನರ್ಥನಾಮದ ಪಟ್ಟಿಗೆ ಸೇರಿಸಿದ್ದು ವಿಧಿಯ ಆಟ.

ಇಂಗ್ಲೆಂಡಿಗೆ ಈ ಹಕ್ಕಿಯನ್ನು ಮೊದಲು ತಂದವನು ಯಾರ್ಕ್‌ಷೈರಿನ ವಿಲಿಯಂ ಸ್ಟ್ರಿಕ್‌ಲೆಂಡ್ ಎಂಬ ಐತಿಹ್ಯವಿದೆ. ಐತಿಹ್ಯದ ಮಾತು ಹಾಗಿರಲಿ, 1550ರಲ್ಲಿ ಅವನಿಗೆ ದೊರೆತ ವಂಶಲಾಂಛನದಲ್ಲಿ ಟರ್ಕಿ ಹುಂಜವಿರುವುದು ನಿಜ. ಸಿಂಹ, ಗಂಡಭೇರುಂಡಗಳಿಗಾಗಿ ಅರಸುಮನೆತನಗಳು ಬಡಿದಾಡುತ್ತಿದ್ದ ಲೋಕದಲ್ಲಿ ಭೋಜನವನ್ನೇ ಲಾಂಛನ ಮಾಡಿಕೊಂಡ ಧೈರ್ಯ ಮೆಚ್ಚತಕ್ಕದ್ದು. 1573ರ ಹೊತ್ತಿಗೆ ಥಾಮಸ್ ಟಸ್ಸರ್ ರೈತರಿಗಾಗಿ ಬರೆದ ಪದ್ಯಕೃತಿಯಲ್ಲಿ ಕ್ರಿಸ್‌ಮಸ್ ತಿನಿಸುಗಳ ನಡುವೆ ಟರ್ಕಿಯೂ ಕುಳಿತಿತ್ತು. ಶೇಕ್ಸ್‌ಪಿಯರ್ ಇನ್ನೂ ಮುಂದೆ ಹೋಗಿ, ಅಂದರೆ ಹಿಂದೆ ಹೋಗಿ, ನಾಲ್ಕನೆಯ ಹೆನ್ರಿಯ ಕಾಲದ ನಾಟಕದಲ್ಲಿ ಗಾಡಿಯವನೊಬ್ಬನ ಬುಟ್ಟಿಗೆ ಟರ್ಕಿಗಳನ್ನು ತುಂಬಿಸಿದ. ಅಲ್ಲಿ ನಡೆಯುವ ಕಥೆ ಹಕ್ಕಿ ಯುರೋಪಿಗೆ ಕಾಲಿಡುವುದಕ್ಕೆ ನೂರು ವರ್ಷ ಹಿಂದಿನದು. ಕವಿಯ ಕಾಲನಿರ್ಣಯಕ್ಕೆ ಶಾಸನ, ತಾಳೆಗರಿಗಳನ್ನು ಹುಡುಕುವ ಸಂಶೋಧಕರು ಕಾವ್ಯದೊಳಗಿನ ಕೋಳಿಗಳನ್ನೂ ಒಮ್ಮೆ ಎಣಿಸುವುದು ಒಳ್ಳೆಯದು.

ಹಾಗೆಂದು ವಿಕ್ಟೋರಿಯಾ ರಾಣಿಯ ಕಾಲಕ್ಕೂ ಬಡವರ ಮನೆಗೆ ಟರ್ಕಿ ಬರಲಿಲ್ಲ. ಅವರ ಹಬ್ಬಕ್ಕೆ ಹೆಬ್ಬಾತು. ಅದಕ್ಕೂ ವಾರ ವಾರ ಚೀಟಿ ಕಟ್ಟುವಂತೆ ‘ಗೂಸ್ ಕ್ಲಬ್’ಗಳಿಗೆ ಕಾಸು ಕಟ್ಟಬೇಕಿತ್ತು. ಮನೆಯಲ್ಲಿ ದೊಡ್ಡ ಒಲೆಯಿಲ್ಲದವರು ಹಕ್ಕಿಯನ್ನು ಬೇಕರಿಗೆ ಹೊತ್ತು ಅಲ್ಲಿನ ಒಲೆಯಲ್ಲಿ ಬೇಯಿಸಿ ತರುತ್ತಿದ್ದರು. 1843ರ ಡಿಸೆಂಬರ್ 19ರಂದು ಹೊರಬಂದ ಡಿಕನ್ಸನ ‘ಎ ಕ್ರಿಸ್‌ಮಸ್ ಕ್ಯಾರೊಲ್’ನಲ್ಲಿ ಬಡ ಕ್ರ್ಯಾಚಿಟ್ ಮನೆಯವರು ತಿನ್ನುವುದು ಹೆಬ್ಬಾತನ್ನೇ. ಮನಸ್ಸು ತಿರುಗಿದ ಜಿಪುಣ ಸ್ಕ್ರೂಜ್ ಕೊನೆಗೆ ಆ ಮನೆಗೆ ಕಳಿಸುವುದು ಅಂಗಡಿಯಲ್ಲಿದ್ದ ಅತಿ ದೊಡ್ಡ ಟರ್ಕಿಯನ್ನು. ಬೆಳಗಿನ ಹೊತ್ತು ಆ ಗಾತ್ರದ ಹಸಿ ಹಕ್ಕಿ ಮನೆಗೆ ಬಂದರೆ ಅದು ಬೇಯುವುದು ಯಾವಾಗ ಎಂಬ ಪ್ರಶ್ನೆಯನ್ನು ವಿಮರ್ಶಕರು ಎತ್ತಿದ್ದಾರೆ. ಅಡುಗೆಯವರು ಎತ್ತಬೇಕಾದ ಪ್ರಶ್ನೆಯನ್ನು ವಿಮರ್ಶಕರು ಎತ್ತಿದರೆ ಕೃತಿ ಅಮರವಾಯಿತೆಂದು ತಿಳಿಯಬೇಕು.

ಅಂಗಡಿಗೆ ಆ ಹಕ್ಕಿಗಳು ನಡೆದೇ ಬರುತ್ತಿದ್ದವು. ಸುಗ್ಗಿ ಮುಗಿದ ಆಗಸ್ಟಿನಲ್ಲಿ ನಾರ್ಫೋಕ್, ಸಫೋಕ್‌ಗಳಿಂದ ಹೊರಟು, ಗದ್ದೆಗಳಲ್ಲಿ ಉದುರಿದ ಕಾಳು ಮೇಯುತ್ತ ಲಂಡನ್ ದಾರಿ ಹಿಡಿಯುತ್ತಿದ್ದವು. ಸ್ಟೂರ್ ನದಿಯ ಒಂದು ಸೇತುವೆಯ ಮೇಲೆ ಒಂದೇ ಋತುವಿನಲ್ಲಿ 300 ಹಿಂಡುಗಳು ದಾಟಿದ್ದನ್ನು ಊರಿನವನೊಬ್ಬ ಎಣಿಸಿದನೆಂದು ಲೇಖಕ ಡೆಫೊ 1724ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಬರೆದ. ಹಿಂಡಿಗೆ 500ರಂತೆ ಹಿಡಿದು 1,50,000 ಹಕ್ಕಿಗಳ ಲೆಕ್ಕವನ್ನೂ ಕೊಟ್ಟ. ಪಂಢರಪುರದ ವಾರಕರಿಗಳ ನಡಿಗೆ ಇದನ್ನು ಹೊರನೋಟದಲ್ಲಿ ಹೋಲುತ್ತದೆ. ಭೇದವೇನೆಂದರೆ ವಾರಕರಿಗಳು ಹಿಂದಿರುಗುತ್ತಾರೆ.

ಈಗ ಹಕ್ಕಿ ನಡೆಯುವುದಿಲ್ಲ, ಹೆಪ್ಪುಗಟ್ಟಿ ಬರುತ್ತದೆ. ಫ್ರಿಜ್ಜಿನಲ್ಲಿಟ್ಟು ಹೆಪ್ಪು ಬಿಡಿಸಲು ಕಿಲೋಗೆ 10ರಿಂದ 12 ಗಂಟೆ ಬೇಕು. 5 ಕಿಲೋದ ಹಕ್ಕಿಗೆ ಎರಡು ಹಗಲು ಎರಡು ರಾತ್ರಿ ದಾಟುತ್ತದೆ. ಈ ಗಣಿತ ಮನೆಯೊಡತಿಗೆ ಹೊಳೆಯುವುದು 24ರ ರಾತ್ರಿ ಹತ್ತಕ್ಕೆ. ಬೇಯಿಸುವುದರಲ್ಲಿಯೂ ಒಂದು ದ್ವೈತವಿದೆ. ತೊಡೆ ಬೇಯುವಷ್ಟು ಹೊತ್ತು ಇಟ್ಟರೆ ಎದೆ ಒಣಗಿ ಹತ್ತಿಯಾಗುತ್ತದೆ, ಎದೆ ಹದವಾದಾಗ ತೆಗೆದರೆ ತೊಡೆಯಲ್ಲಿ ರಕ್ತ ಜಿನುಗುತ್ತದೆ. ಒಂದೇ ದೇಹದಲ್ಲಿ ಎರಡು ಸಿದ್ಧಾಂತಗಳಿದ್ದು ಎರಡಕ್ಕೂ ಒಂದೇ ಒಲೆ. ಇದಕ್ಕೆ ಯಾವ ಆಚಾರ್ಯರೂ ಈವರೆಗೆ ಸಮನ್ವಯ ಭಾಷ್ಯ ಬರೆದಿಲ್ಲ. ಇಂಗ್ಲಿಷರು ಕಂಡುಕೊಂಡ ಪರಿಹಾರ, ಮೇಲೆ ಧಾರಾಳವಾಗಿ ಗ್ರೇವಿ ಸುರಿಯುವುದು.

ಉಪಪದಾರ್ಥಗಳು

ಹಕ್ಕಿಯ ಸುತ್ತ ಇರುವವುಗಳ ವಿಚಾರವನ್ನು ಬೇಗ ಮುಗಿಸಬಹುದು. ‘ಕಂಬಳಿ ಹೊದ್ದ ಹಂದಿಗಳು’ ಎಂಬ ಹೆಸರಿನ ಖಾದ್ಯದಲ್ಲಿ ಕಂಬಳಿ ಇಲ್ಲ. ಸಣ್ಣ ಸಾಸೇಜಿಗೆ ಬೇಕನ್ನಿನ ಪಟ್ಟಿ ಸುತ್ತಿರುತ್ತಾರೆ, ಅಂದರೆ ಹಂದಿಗೆ ಹಂದಿಯನ್ನೇ ಹೊದಿಸಿರುತ್ತಾರೆ. ಹುರಿದ ಆಲೂಗಡ್ಡೆ ಆಂಡೀಸ್ ಬೆಟ್ಟಗಳದ್ದು, ಕೆಂಪು ಕ್ರ್ಯಾನ್‌ಬೆರಿ ಉತ್ತರ ಅಮೆರಿಕದ ಜೌಗುನೆಲದ್ದು. ಹಕ್ಕಿಯಂತೂ ಮೆಕ್ಸಿಕೋದ್ದೆಂದು ಆಗಲೇ ಸಿದ್ಧವಾಗಿದೆ. ‘ಸಾಂಪ್ರದಾಯಿಕ ಇಂಗ್ಲಿಷ್ ಭೋಜನ’ ಎಂಬ ನುಡಿಗಟ್ಟಿನ ಮೂರು ಪದಗಳಲ್ಲಿ ಭೋಜನ ಎಂಬುದೊಂದು ವಿವಾದಾತೀತ.

ಇಷ್ಟೆಲ್ಲದರ ನಡುವೆ ಒಂದು ಅಪವಾದವಿದೆ. ಬ್ರಸೆಲ್ಸ್ ಸ್ಪ್ರೌಟ್ಸ್ ಎಂಬ ಗೋಲಿಗಾತ್ರದ ಕೋಸು ಬ್ರಸೆಲ್ಸ್ ಸುತ್ತಮುತ್ತಲೇ ಬೆಳೆದು ಹೆಸರಾದದ್ದು. ಊರು ನಿಜ, ತರಕಾರಿ ನಿಜ, ಅಪ್ಪಟ ಅನ್ವರ್ಥನಾಮ. ಊಟ ಮುಗಿದ ಮೇಲೆ ತಟ್ಟೆಗಳ ಅಂಚಿನಲ್ಲಿ ಸಾಲಾಗಿ ಉಳಿಯುವುದೂ ಅದೇ. ಸತ್ಯಕ್ಕೆ ಕಹಿಯೆಂಬ ವಿಶೇಷಣ ಎಲ್ಲ ಭಾಷೆಗಳಲ್ಲೂ ಸೇರಿಕೊಂಡಿರುವುದಕ್ಕೆ ಈ ಕೋಸೂ ಒಂದು ಕಾರಣವಾಗಿರಬೇಕು.

ಕಡುಬಿನ ಪ್ರಕರಣ

ಪ್ಲಮ್ ಪುಡ್ಡಿಂಗಿನಲ್ಲಿ ಪ್ಲಮ್ ಹಣ್ಣು ಇರುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಯನ್ನೂ ಪ್ಲಮ್ ಎನ್ನುತ್ತಿದ್ದರೆಂದು ಕೋಶಕಾರರು ಸಮಾಧಾನ ಹೇಳುತ್ತಾರೆ. ಅಂದರೆ ಹೆಸರಿನಲ್ಲಿದ್ದ ಅರ್ಥ ಜಾಗ ಖಾಲಿ ಮಾಡಿ ಹೋಗಿದೆ, ಬೋರ್ಡು ತೆಗೆದಿಲ್ಲ. ಇದರ ಪೂರ್ವಜ ಮಾಂಸದ ಸಾರಿಗೆ ಒಣಹಣ್ಣು, ಮಸಾಲೆ, ಬ್ರೆಡ್ಡಿನ ಪುಡಿ ಬೆರೆಸಿ ಕುದಿಸಿದ ಗಂಜಿ. ಕಾಲಕ್ರಮದಲ್ಲಿ ಮಾಂಸ ಹೋಯಿತು, ನೀರು ಹೋಯಿತು, ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿ ಬೇಯಿಸಿದರು. ಸಾರು ಕಡುಬಾದ ಈ ಚರಿತ್ರೆಗೆ ಕನ್ನಡದ ಅಡುಗೆಮನೆಯಲ್ಲಿ ಸಾಟಿಯಿಲ್ಲ. ಗಟ್ಟಿಯಾದ ಸಾರನ್ನು ಇಲ್ಲಿ ಯಾರೂ ಹಬ್ಬ ಮಾಡಿಕೊಂಡಿಲ್ಲ, ಸೊಸೆಯ ಮೇಲೆ ಹಾಕಿದ್ದಾರೆ. ಅಡುಗೆಯ ಪುಸ್ತಕದಲ್ಲಿ ಇದಕ್ಕೆ ‘ಕ್ರಿಸ್‌ಮಸ್ ಪುಡ್ಡಿಂಗ್’ ಎಂಬ ಹೆಸರು ಕೊಟ್ಟು ಪಾಕವಿಧಾನ ಅಚ್ಚು ಮಾಡಿಸಿದವಳು ಎಲೈಜಾ ಆಕ್ಟನ್, 1845ರಲ್ಲಿ. ಈ ಹೆಸರಿನಲ್ಲಿ ಹಣ್ಣಿಲ್ಲ, ಊರಿಲ್ಲ. ಅದಕ್ಕೇ ಇರಬೇಕು, ಜನ ಪ್ಲಮ್ಮನ್ನೇ ಹಿಡಿದು ಇನ್ನೂ ಬಹುಕಾಲ ನಡೆದರು.

ಇದರ ಮುಖ್ಯ ದ್ರವ್ಯ ಎತ್ತಿನ ಮೂತ್ರಪಿಂಡದ ಸುತ್ತಲಿನ ಕೊಬ್ಬು. ಬೇಗ ಕರಗದ ಈ ಕೊಬ್ಬು ಹಿಟ್ಟು ಗಟ್ಟಿಯಾಗುವವರೆಗೂ ನಿಂತು, ಆಮೇಲೆ ಕರಗಿ ಸಣ್ಣ ಸಣ್ಣ ಪೊಟರೆ ಬಿಡುತ್ತದೆ. ಕಡುಬು ಕಲ್ಲಾಗದಿರುವುದಕ್ಕೆ ಇದೇ ಕಾರಣ. (ಕಲ್ಲಾದವೂ ಉಂಟು.) ಒಣದ್ರಾಕ್ಷಿ, ಸುಲ್ತಾನ ದ್ರಾಕ್ಷಿ, ಕರಂಟ್, ಸಕ್ಕರೆಯಲ್ಲಿ ಹಾಕಿದ ಸಿಪ್ಪೆ, ಮೊಟ್ಟೆ, ಜಾಯಿಕಾಯಿ, ಲವಂಗ, ಚಕ್ಕೆ, ಬ್ರಾಂದಿ ಎಂದು ಪಟ್ಟಿ ಬೆಳೆಯುತ್ತದೆ. ಕ್ರಿಸ್ತ ಮತ್ತು ಹನ್ನೆರಡು ಶಿಷ್ಯರ ನೆನಪಿಗೆ ದ್ರವ್ಯಗಳು ಹದಿಮೂರೇ ಇರಬೇಕೆಂದು ವಿಧಿ. ಎಣಿಸುವಾಗ ಹದಿನೈದೋ ಹದಿನಾರೋ ಆದರೆ ಮಸಾಲೆಯನ್ನೆಲ್ಲ ಸೇರಿಸಿ ಒಂದೆಂದು ಹಿಡಿಯತಕ್ಕದ್ದು. ಹನ್ನೆರಡರಲ್ಲಿ ಯೂದನೂ ಒಬ್ಬನಾದ್ದರಿಂದ ಅವನ ಪಾಲಿನ ದ್ರವ್ಯ ಯಾವುದೆಂಬ ಸೂಕ್ಷ್ಮ ಪ್ರಶ್ನೆ ಏಳುತ್ತದೆ. ಮಕ್ಕಳು ಎಲ್ಲ ಕಾಲದಲ್ಲೂ ಹೆಕ್ಕಿ ತಟ್ಟೆಯಂಚಿಗೆ ಸರಿಸುವ ಕಿತ್ತಳೆ ಸಿಪ್ಪೆಯೇ ಅದು ಎಂಬುದು ಈ ಪ್ರಬಂಧದ ತೀರ್ಮಾನ.

ಮಾಡುವ ದಿನ ಕ್ರಿಸ್‌ಮಸ್ಸಿಗೆ ಸುಮಾರು ಐದು ವಾರ ಮುಂಚಿನ ಭಾನುವಾರ. ಅಡ್ವೆಂಟ್ ಕಾಲಕ್ಕೆ ಮೊದಲಿನ ಕೊನೆಯ ಭಾನುವಾರದಂದು ಆಂಗ್ಲಿಕನ್ ಚರ್ಚುಗಳಲ್ಲಿ ಓದುವ, 1549ರ ಪ್ರಾರ್ಥನಾಪುಸ್ತಕದಿಂದ ಬಂದ ಪ್ರಾರ್ಥನೆ ಕಲಕು, ಎಬ್ಬಿಸು ಎಂಬರ್ಥದ ಮಾತಿನಿಂದ ಶುರುವಾಗುತ್ತದೆ. ಭಕ್ತರ ಸಂಕಲ್ಪವನ್ನು ಕಲಕಿ ಎಬ್ಬಿಸೆಂದು ದೇವರಲ್ಲಿ ಮಾಡುವ ಬಿನ್ನಹ ಅದು. ಭಕ್ತರಿಗೆ ನೆನಪಾದದ್ದು ಮನೆಯಲ್ಲಿ ಕಲಕಬೇಕಾದ ಹಿಟ್ಟು. ಆ ದಿನಕ್ಕೆ ‘ಕಲಕುವ ಭಾನುವಾರ’ ಎಂಬ ಹೆಸರೇ ನಿಂತಿತು. ಒಂದು ಶ್ಲೇಷದಿಂದ ದೇಶವೊಂದು ಐದು ವಾರ ಮುಂಚೆ ಅಡುಗೆ ಶುರುಮಾಡುವಂತಾದ ನಿದರ್ಶನ ಅಲಂಕಾರಶಾಸ್ತ್ರದಲ್ಲಿ ಮತ್ತೊಂದಿಲ್ಲ. ಮನೆಯವರೆಲ್ಲ ಸರದಿಯಂತೆ ಮರದ ಸೌಟಿನಿಂದ, ಮೂವರು ಜ್ಞಾನಿಗಳು ಬಂದ ದಾರಿಯಂತೆ ಮೂಡಲಿಂದ ಪಡುವಲಿಗೆ ತಿರುವಬೇಕು. ವೃತ್ತಾಕಾರದ ಪಾತ್ರೆಯಲ್ಲಿ ಮೂಡಲಿಂದ ಪಡುವಲಿಗೆ ತಿರುವಿದ ಸೌಟು ಮರುಕ್ಷಣವೇ ಪಡುವಲಿಂದ ಮೂಡಲಿಗೆ ಹೋಗುತ್ತದೆ ಎಂಬ ಆಕ್ಷೇಪವನ್ನು ಹೆಂಗಸರ ಮುಂದೆ ಎತ್ತಿದವರು ಕಡಿಮೆ.

ಹಿಟ್ಟಿನೊಳಗೆ ಒಂದು ಬೆಳ್ಳಿಯ ಆರು ಪೆನ್ನಿ ನಾಣ್ಯ ಹಾಕುತ್ತಾರೆ. ಅದು ಯಾರ ತುಂಡಿನಲ್ಲಿ ಸಿಗುತ್ತದೋ ಅವರಿಗೆ ಬರುವ ವರ್ಷ ಐಶ್ವರ್ಯ. ಈ ನಾಣ್ಯದ ಚರಿತ್ರೆ ಹೊನ್ನಹೆಗ್ಗಡೆ ನ್ಯಾಯದ ಶುದ್ಧ ಪ್ರಯೋಗ. 1920ರಲ್ಲಿ ಅದರ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರಲ್ಲಿ ಪೂರ್ತಿ ಹೋಗಿ ತಾಮ್ರ-ನಿಕಲ್ ಬಂತು, 1971ರಲ್ಲಿ ಪೆನ್ನಿಯ ಲೆಕ್ಕವೇ ಬದಲಾಯಿತು, 1980ರಲ್ಲಿ ಆರು ಪೆನ್ನಿಯ ಚಲಾವಣೆಯೇ ರದ್ದಾಯಿತು. ಐಶ್ವರ್ಯ ತರಬೇಕಾದ ನಾಣ್ಯಕ್ಕೆ ಈಗ ಒಂದು ಬೆಂಕಿಪೊಟ್ಟಣವೂ ಬಾರದು. ಆದರೂ ಹಳೆಯ ನಾಣ್ಯವನ್ನು ಜೋಪಾನ ಮಾಡಿ ಪ್ರತಿವರ್ಷ ಹಾಕುತ್ತಾರೆ. ಅದರಿಂದ ಐಶ್ವರ್ಯ ಖಚಿತವಾಗಿ ಬರುವುದು ಹಲ್ಲಿನ ವೈದ್ಯರಿಗೆ.

ಬಡಿಸುವ ಹೊತ್ತಿಗೆ ದೀಪವಾರಿಸಿ, ಬಿಸಿ ಮಾಡಿದ ಬ್ರಾಂದಿಯನ್ನು ಕಡುಬಿನ ಮೇಲೆ ಸುರಿದು ಕಿಡಿ ತಾಕಿಸುತ್ತಾರೆ. ತಣ್ಣಗಿನ ಬ್ರಾಂದಿ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಬಿಸಿಯಾದಾಗ ಏಳುವ ಆವಿಗೆ ಬೆಂಕಿ ಹಿಡಿದು ನೀಲಿ ಜ್ವಾಲೆ ಆಡುತ್ತದೆ. ನೆತ್ತಿಯ ಮೇಲೆ ಹಾಲಿ ಗಿಡದ ಚಿಕ್ಕ ಟಿಸಿಲು. ಕನ್ನಡದ ಕಣ್ಣಿಗೆ ಇದು ಮಂಗಳಾರತಿ. ಪರದೆಗೆ ಬೆಂಕಿ ಹತ್ತಿದ ಮನೆಗಳಲ್ಲಿ ಆ ಬಳಿಕ ನಡೆಯುವುದೂ ಮಂಗಳಾರತಿಯೇ.

1927ರಲ್ಲಿ ಈ ಕಡುಬು ಸಾಮ್ರಾಜ್ಯದ ನಕ್ಷೆಯಾಯಿತು. ಸಾಮ್ರಾಜ್ಯದ ಸರಕು ಮಾರಲು ಹುಟ್ಟಿದ ಎಂಪೈರ್ ಮಾರ್ಕೆಟಿಂಗ್ ಬೋರ್ಡು, ಐದನೆಯ ಜಾರ್ಜ್ ದೊರೆಯ ಅಡುಗೆಯವನಿಂದ ಪಾಕವಿಧಾನ ಪಡೆದು ಪ್ರತಿ ದ್ರವ್ಯದ ಮುಂದೆ ಅದು ಬರಬೇಕಾದ ದೇಶವನ್ನು ಅಚ್ಚು ಹಾಕಿಸಿತು. ಆಸ್ಟ್ರೇಲಿಯದ ಕರಂಟ್, ಜಾಂಜಿಬಾರಿನ ಲವಂಗ, ಜಮೈಕಾದ ರಮ್, ಇಂಡಿಯಾದ ಮಸಾಲೆ. ಬ್ರಿಟನ್ ಕೊಟ್ಟದ್ದು ಮುಖ್ಯವಾಗಿ ಹಿಟ್ಟು, ಬ್ರೆಡ್ಡಿನ ಪುಡಿ, ಬಿಯರು. ಸೂರ್ಯ ಮುಳುಗದ ಸಾಮ್ರಾಜ್ಯವನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಗಂಟೆಗಟ್ಟಲೆ ಬೇಯಿಸಿದ್ದು ಇತಿಹಾಸದಲ್ಲಿ ಅದೊಂದೇ ಸಲ. ಸಾಮ್ರಾಜ್ಯ ಆಮೇಲೆ ಬಹಳ ಕಾಲ ಕೆಡದೆ ಉಳಿಯಲಿಲ್ಲ, ಕಡುಬು ಉಳಿಯುತ್ತದೆ.

ನಿಷೇಧ ಪ್ರಕರಣ

ಮಿನ್ಸ್ ಪೈ ಎಂದರೆ ಕೊಚ್ಚಿದ ಮಾಂಸದ ಹೂರಣವಿರುವ ಸಣ್ಣ ಹೋಳಿಗೆಯಂಥದು. ಒಳಗಿನ ಹೂರಣದ ಹೆಸರೇ ‘ಮಿನ್ಸ್‌ಮೀಟ್’. ಮಾಂಸವಿಲ್ಲ. ಹಿಂದೆ ಕುರಿಯದೋ ಎತ್ತಿನದೋ ಮಾಂಸ ನಿಜವಾಗಿ ಇತ್ತು. ವಿಕ್ಟೋರಿಯಾ ರಾಣಿಯ ಕಾಲಕ್ಕೆ ಅದು ಮೆಲ್ಲಗೆ ಜಾರಿಕೊಂಡು ದ್ರಾಕ್ಷಿ, ಸೇಬು, ಬ್ರಾಂದಿಗಳು ಉಳಿದವು. ಆದರೆ ಹಳೆಯ ಕ್ರಮದ ಹೂರಣದಲ್ಲಿ ಎತ್ತಿನ ಕೊಬ್ಬು ಈಗಲೂ ಇರುತ್ತದೆ. ಹೀಗಾಗಿ ಮಾಂಸವಿದೆಯೆಂದು ತಿಂದವರಿಗೆ ಮಾಂಸ ಸಿಗುವುದಿಲ್ಲ, ಮಾಂಸವಿಲ್ಲವೆಂದು ತಿಂದ ಸಸ್ಯಾಹಾರಿಗೆ ಕೊಬ್ಬು ಸಿಗುತ್ತದೆ. ಉಭಯಭ್ರಷ್ಟತ್ವಕ್ಕೆ ಇಷ್ಟು ರುಚಿಯಾದ ಉದಾಹರಣೆ ಅಪರೂಪ.

ಕ್ರಿಸ್‌ಮಸ್ ದಿನ ಮಿನ್ಸ್ ಪೈ ತಿನ್ನುವುದು ಇಂಗ್ಲೆಂಡಿನಲ್ಲಿ ಇಂದಿಗೂ ಅಪರಾಧ, ಕ್ರಾಮ್‌ವೆಲ್ಲನ ಕಾನೂನು ರದ್ದಾಗಿಲ್ಲ ಎಂಬ ಮಾತು ಹರಟೆಗಳಲ್ಲಿ ಓಡಾಡುತ್ತದೆ. ಅಂಥ ಕಾನೂನು ಇಲ್ಲ. ನಡೆದದ್ದು ಇಷ್ಟು. 1644ರಲ್ಲಿ ಕ್ರಿಸ್‌ಮಸ್, ತಿಂಗಳ ಕೊನೆಯ ಬುಧವಾರದ ಕಡ್ಡಾಯ ಉಪವಾಸದ ದಿನವೇ ಬಿತ್ತು. ಹಬ್ಬ ದೊಡ್ಡದೋ ಉಪವಾಸ ದೊಡ್ಡದೋ ಎಂಬ, ಏಕಾದಶಿಯಂದು ಶ್ರಾದ್ಧ ಬಂದ ಮನೆಯವರಿಗೆ ಚೆನ್ನಾಗಿ ಗೊತ್ತಿರುವ ಧರ್ಮಸಂಕಟಕ್ಕೆ ಪ್ಯೂರಿಟನ್ನರ ಪಾರ್ಲಿಮೆಂಟು ಉಪವಾಸದ ಪರ ತೀರ್ಪಿತ್ತಿತು. 1647ರ ಜೂನ್‌ನಲ್ಲಿ ಹಬ್ಬವನ್ನೇ ತೆಗೆದುಹಾಕಿತು. ಕ್ರಾಮ್‌ವೆಲ್ ರಾಷ್ಟ್ರದ ಒಡೆಯನಾದದ್ದು ಇದಾಗಿ ಆರು ವರ್ಷಕ್ಕೆ, 1653ರಲ್ಲಿ. ಹಬ್ಬ ತೆಗೆದುಹಾಕಿದ 1647ರ ಡಿಸೆಂಬರ್ 25ರಂದೇ ಕ್ಯಾಂಟರ್ಬರಿಯ ಮೇಯರು ಅಂಗಡಿ ತೆರೆಯಿರೆಂದು ಅಪ್ಪಣೆ ಮಾಡಿದಾಗ ಊರು ರೊಚ್ಚಿಗೆದ್ದಿತು. ಬಾಗಿಲುಗಳಿಗೆ ಹಾಲಿ ಸೊಪ್ಪು ಕಟ್ಟಿದರು, ಬೀದಿಯಲ್ಲಿ ಚೆಂಡಾಡಿದರು, ತೆರೆದ ಅಂಗಡಿಗಳನ್ನು ಚೆಲ್ಲಾಪಿಲ್ಲಿ ಮಾಡಿದರು. ಚರಿತ್ರೆ ಇದನ್ನು ಪ್ಲಮ್ ಪುಡ್ಡಿಂಗ್ ದಂಗೆ ಎನ್ನುತ್ತದೆ. ಇಲ್ಲದ ಹಣ್ಣಿನ ಹೆಸರಿನಲ್ಲಿ ಇದ್ದ ಜನ ಬಡಿದಾಡಿದ್ದು ಜಗತ್ತಿನಲ್ಲಿ ಇದೇ ಮೊದಲೂ ಅಲ್ಲ, ಕೊನೆಯೂ ಅಲ್ಲ. 1660ರಲ್ಲಿ ಅರಸೊತ್ತಿಗೆಯೊಂದಿಗೆ ಹಬ್ಬವೂ ಮರಳಿತು. ಸ್ಕಾಟ್ಲೆಂಡಿನವರು ಮಾತ್ರ ಅವಸರ ಮಾಡಲಿಲ್ಲ. ಅಲ್ಲಿ ಕ್ರಿಸ್‌ಮಸ್ಸಿಗೆ ಸಾರ್ವಜನಿಕ ರಜೆ ಸಿಕ್ಕಿದ್ದು 1958ರಲ್ಲಿ.

ತಟ್ಟೆಯ ಪಕ್ಕದಲ್ಲಿರುವ ‘ಕ್ರ್ಯಾಕರ್’ ತಿನ್ನುವಂಥದಲ್ಲ. ಅದೇ ಹೆಸರಿನ ಬಿಸ್ಕತ್ತು ಇನ್ನೊಂದಿದೆ, ಅದು ಚೀಸಿನ ಜೊತೆ ಕೊನೆಗೆ ಬರುತ್ತದೆ. ಹಸಿದವರು ಎರಡರ ಭೇದವನ್ನು ಮೊದಲೇ ತಿಳಿದಿರಬೇಕು. ಲಂಡನ್ನಿನ ಮಿಠಾಯಿ ವ್ಯಾಪಾರಿ ಟಾಮ್ ಸ್ಮಿತ್ 1847ರಲ್ಲಿ ಫ್ರೆಂಚ್ ಮಿಠಾಯಿಯ ಕಾಗದದ ಪೊಟ್ಟಣವನ್ನು ಅನುಕರಿಸಿ ಶುರುಮಾಡಿದ್ದು. ಆಮೇಲೆ ಎಳೆದರೆ ಚಟ್ ಎನ್ನುವ ಮದ್ದಿನ ಪಟ್ಟಿ ಸೇರಿತು, ಮಿಠಾಯಿ ಹೋಯಿತು, ಅದರ ಜಾಗಕ್ಕೆ ಕಾಗದದ ಕಿರೀಟವೂ ಒಂದು ನಗೆಹನಿಯೂ ಬಂದವು. ನಗೆಹನಿಗೆ ಯಾರೂ ನಗುವುದಿಲ್ಲ. ಅದೂ ಅನರ್ಥನಾಮ.

ಕರಾವಳಿ ಪ್ರಕರಣ

ಸಿದ್ಧಾಂತವು ಒಂದೇ ದೇಶಕ್ಕೆ ಸಲ್ಲುವುದಾದರೆ ಅದು ಸಿದ್ಧಾಂತವಲ್ಲ, ದೂರು. ಆದ್ದರಿಂದ ಅದನ್ನು ಮಂಗಳೂರಿನಲ್ಲಿ ಪರೀಕ್ಷಿಸಬೇಕಾಗುತ್ತದೆ. ಅಲ್ಲಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಮಾಡಿ ನೆರೆಹೊರೆಗೆ ಹಂಚುವ ತಿಂಡಿಗಳ ಸಮೂಹಕ್ಕೆ ‘ಕುಸ್ವಾರ್’ ಎಂದು ಹೆಸರು. ಪೋರ್ಚುಗೀಸರ ‘ಕೊನ್ಸೊವಾದ’ ಅದರ ಮೂಲವೆಂಬುದು ರೂಢಿಯಲ್ಲಿರುವ ವ್ಯುತ್ಪತ್ತಿ. ಪೋರ್ಚುಗಲ್ಲಿನಲ್ಲಿ ಆ ಶಬ್ದಕ್ಕೆ ಹಬ್ಬದ ಹಿಂದಿನ ರಾತ್ರಿ ಮೀನು ಬಡಿಸುವ ಊಟವೆಂದು ಅರ್ಥ. ಗೋವೆಗೆ ಬರುವ ಹೊತ್ತಿಗೆ ಮೀನು ನೀರಿಗೆ ಹಾರಿ ಸಿಹಿತಿಂಡಿಯ ತಟ್ಟೆ ಉಳಿದಿತ್ತು. ಇಲ್ಲಿಯವರೆಗೆ ಸಿದ್ಧಾಂತಕ್ಕೆ ಬಾಧೆಯಿಲ್ಲ.

ಬಾಧೆ ಬರುವುದು ತಟ್ಟೆಯ ಬಟ್ಟೆ ಸರಿಸಿದಾಗ. ಅಲ್ಲಿ ನೆವ್ರಿ ಇದೆ, ಅದು ಕರ್ಜಿಕಾಯಿಯ ಒಡಹುಟ್ಟು. ಗುಳಿಯೊ ಇದೆ, ಚಕ್ಕುಲಿ ಇದೆ, ಕಾದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟು ಅರಳಿಸಿದ ಕೊಕ್ಕಿಸಾಂ ಇದೆ. ಇವುಗಳ ನಡುವೆ ‘ಕಿಡಿಯೊ’ ಎಂಬುದೊಂದಿದೆ. ಕಿಡಿಯೊ ಎಂದರೆ ಹುಳುಗಳು. ಹಿಟ್ಟನ್ನು ತೆಂಗಿನ ಹಾಲಿನಲ್ಲಿ ಕಲಸಿ, ಫೋರ್ಕಿನ ಬೆನ್ನಿನ ಮೇಲೋ ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಮಾಡಿ, ಕರಿದು ಸಕ್ಕರೆ ಹಿಡಿಸಿದ ಈ ತಿಂಡಿ ಹುಳುವಿನಂತೆ ಕಾಣುತ್ತದೆ ಅಷ್ಟೆ. ಇಂಗ್ಲಿಷರು ದ್ರಾಕ್ಷಿಗೆ ಪ್ಲಮ್ ಎಂದು, ಸೇಬಿಗೆ ಮಾಂಸವೆಂದು ಏರಿಸಿ ಕೂಗುವಲ್ಲಿ ಮಂಗಳೂರಿನವರು ಒಳ್ಳೆಯ ಸಿಹಿಗೆ ಹುಳುವೆಂದು ಇಳಿಸಿ ಹೇಳಿದ್ದಾರೆ. ಇದು ವಿಲೋಮ ಅನರ್ಥನಾಮ. ದೃಷ್ಟಿ ತಾಗದಿರಲೆಂದು ಮುದ್ದಾದ ಮಗುವಿಗೆ ತಿಪ್ಪ, ಕಲ್ಲ, ಗುಂಡ ಎಂದು ಹೆಸರಿಟ್ಟ ನಾಡಿನಲ್ಲಿ ಇದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಪೂರ್ವಪಕ್ಷಿ ಇಲ್ಲಿ ಮತ್ತೆ ಏಳುತ್ತಾನೆ. ಅದೇ ಮನೆಯ ಹಬ್ಬದೂಟದಲ್ಲಿ ಸಾನ್ನಾಂ ಎಂಬ ಇಡ್ಲಿಯಂಥ ತಿಂಡಿಯ ಜೊತೆ ಬಡಿಸುವ ದುಕ್ರಾ ಮಾಸ್ ಎಂಬುದಕ್ಕೆ ಹಂದಿಯ ಮಾಂಸವೆಂದು ನೇರ ಅರ್ಥ, ಒಳಗಿರುವುದೂ ಹಂದಿಯ ಮಾಂಸವೇ. ಇಂಥ ಅನ್ವರ್ಥನಾಮ ಈ ಸಿದ್ಧಾಂತಕ್ಕೆ ವಿರುದ್ಧವಲ್ಲವೇ ಎಂಬುದು ಅವನ ಪ್ರಶ್ನೆ. ವಿರುದ್ಧವೇ. ಬ್ರಸೆಲ್ಸ್ ಕೋಸಿನ ಪ್ರಮಾಣದಂತೆ ಅದು ತಟ್ಟೆಯಂಚಿನಲ್ಲಿ ಉಳಿಯಬೇಕಿತ್ತು. ಬಫಾತ್ ಪುಡಿಯ ಘಮ, ಮೆಣಸಿನ ಕೆಂಪು, ಮೇಲೆ ತೇಲುವ ಕೊಬ್ಬು ಇವುಗಳ ಮುಂದೆ ತರ್ಕ ನಿಲ್ಲುವುದಿಲ್ಲವಾದ್ದರಿಂದ ಪಾತ್ರೆ ಬರಿದಾಗುತ್ತದೆ, ಸಾನ್ನಾಂ ತುಂಡಿನಿಂದ ಅಡಿಯನ್ನೂ ಒರೆಸಲಾಗುತ್ತದೆ. ಸತ್ಯಕ್ಕೆ ಸ್ವಲ್ಪ ಮಸಾಲೆ ಬೇಕು ಎಂಬುದನ್ನು ಬ್ರಸೆಲ್ಸಿನವರು ಗಮನಿಸಬೇಕು.

ಶೇಷ ಪ್ರಕರಣ

ಡಿಸೆಂಬರ್ 26ಕ್ಕೆ ‘ಬಾಕ್ಸಿಂಗ್ ಡೇ’ ಎಂದು ಹೆಸರು. ಅಂದು ಯಾರೂ ಗುದ್ದಾಡುವುದಿಲ್ಲ. ಆಳುಕಾಳುಗಳಿಗೆ ಪೆಟ್ಟಿಗೆಯಲ್ಲಿ ಉಡುಗೊರೆ ಕೊಡುತ್ತಿದ್ದ ದಿನ ಅದು. ಈಗ ಅಂದಿನ ಮುಖ್ಯ ಸಮಸ್ಯೆ ಉಳಿದ ಹಕ್ಕಿ. ಒಣಗಿದ ಎದೆಯ ಮಾಂಸ ಮುಕ್ಕಾಲು ಪಾಲು ಹಾಗೆಯೇ ಇರುತ್ತದೆ. ಅದು ಸ್ಯಾಂಡ್‌ವಿಚ್ಚಾಗಿ, ಸೂಪಾಗಿ, ಕೊನೆಗೆ ಬಹುತೇಕ ತಪ್ಪದೆ ‘ಟರ್ಕಿ ಕರಿ’ಯಾಗಿ ಬರುತ್ತದೆ. ಈರುಳ್ಳಿ ಹುರಿದು, ಡಬ್ಬಿಯ ಕರಿಪುಡಿ ಉದುರಿಸಿ, ಕೆಲವರು ಒಣದ್ರಾಕ್ಷಿಯನ್ನೂ ಹಾಕಿ ಕುದಿಸಿ ಅನ್ನದ ಮೇಲೆ ಸುರಿಯುತ್ತಾರೆ. ಆ ಡಬ್ಬಿಯ ಪುಡಿಯನ್ನು ಇಂಡಿಯಾದ ಯಾವ ಅಜ್ಜಿಯೂ ತನ್ನದೆಂದು ಗುರುತಿಸಲಾರಳು, ಅದು ಬೇರೆ ಪ್ರಬಂಧಕ್ಕೆ ವಿಷಯ.

ಶಾಸ್ತ್ರದ ದೃಷ್ಟಿಯಿಂದ ಇದು ಮಹತ್ವದ ಕ್ಷಣ. ಐದು ಶತಮಾನಗಳಿಂದ ತುರ್ಕರು ‘ಹಿಂದಿ’ ಎಂದು, ಫ್ರೆಂಚರು ‘ದಾಂದ್’ ಎಂದು, ಡಚ್ಚರು ‘ಕಲ್ಕೂನ್’ ಎಂದು ಕೂಗುತ್ತ ಬಂದ ಮೆಕ್ಸಿಕೋದ ಹಕ್ಕಿ, ಸತ್ತು ಎರಡು ಸಲ ಬೆಂದ ಮೇಲೆ, ಅರಿಸಿನ ಜೀರಿಗೆಗಳಲ್ಲಿ ಮಿಂದು ಇಂಡಿಯಾದ್ದಾಗುತ್ತದೆ. ಆ ಸಂಜೆಯ ಮಟ್ಟಿಗೆ ಮೂರೂ ಅನ್ವರ್ಥನಾಮಗಳು. ಅನರ್ಥನಾಮವಾಗಿಯೇ ಉಳಿಯುವವುಗಳಲ್ಲಿ ಇಂಗ್ಲಿಷಿನದೂ ಒಂದು. ಅದರ ಬಗ್ಗೆಯೂ ಈಚೆಗೆ ಒಂದು ಬೆಳವಣಿಗೆ ಆಗಿದೆ. 2022ರ ಜೂನ್‌ನಲ್ಲಿ ಟರ್ಕಿ ದೇಶವು ವಿಶ್ವಸಂಸ್ಥೆಗೆ ಬರೆದು ತನ್ನ ಹೆಸರನ್ನು ‘ತುರ್ಕಿಯೆ’ ಎಂದು ಬದಲಿಸಿಕೊಂಡಿತು. ಹಕ್ಕಿಯ ಕಡೆಯಿಂದ ಇನ್ನೂ ಅರ್ಜಿ ಬಂದಿಲ್ಲ.